ನಗೆಗಡಲಿನ ನಡಾವಳಿ

ಹಾಸನದ ಯಾವುದೇ ಕಾಲೇಜಿನ ಹಾಸ್ಯ ಸಂಘಕ್ಕೆ ಬೆಳ್ಳಿಹಬ್ಬ ಬರಲಿ, ಸ್ಮರಣ ಸಂಚಿಕೆಗೆ ‘ಸಂಘ ನಡೆದು ಬಂದ ದಾರಿ’ ಬರೆಯುವ ಕೆಲಸ ಕನ್ನಡ ವಿಭಾಗದ ಯಾರದೋ ತಲೆಗೆ ಬೀಳುತ್ತದೆ. ಬೀರುವಿನ ತಳದಿಂದ ನಡಾವಳಿ ಪುಸ್ತಕ ಎಳೆದು, ಜಿರಳೆ ಕೊಡವಿ ತೆರೆದರೆ ಇಪ್ಪತ್ತೈದು ವರ್ಷದಲ್ಲಿ ಒಂದೇ ಒಂದು ಜೋಕೂ ಇಲ್ಲ!

ಇರುವುದು ಇಷ್ಟೇ: ‘ಅತಿಥಿಗಳು ಸಭಿಕರನ್ನು ನಗೆಗಡಲಲ್ಲಿ ತೇಲಿಸಿದರು.’ ಮುಂದಿನ ವರ್ಷವೂ ನಗೆಗಡಲು, ಅದರ ಮುಂದಿನ ವರ್ಷವೂ. ಕಡಲು ನೋಡಲು ಶಿರಾಡಿ ಘಾಟಿ ಇಳಿಯಬೇಕಾದ ಊರಿನಲ್ಲಿ ಇಷ್ಟೊಂದು ಕಡಲು! ಏನು ಹೇಳಿ ತೇಲಿಸಿದರು ಅನ್ನುವುದು ಮಾತ್ರ ಎಲ್ಲೂ ಇಲ್ಲ. ತಿಂಡಿ ಲೆಕ್ಕ ಪಕ್ಕಾ: ಉಪ್ಪಿಟ್ಟು 60, ಟೀ 75. ಹಾಜರಿ ಸಹಿ 38.

ತಿಂಡಿಯಿಂದಲೇ ಇತಿಹಾಸ ಹುಟ್ಟಿದ ಸಂಘವೂ ಉಂಟು ಬಿಡಿ. ಹಾರ್ವರ್ಡಿನಲ್ಲಿ 1795ರಲ್ಲಿ ಹುಡುಗರು ಕಟ್ಟಿದ ಕೂಟದಲ್ಲಿ ಸಭೆಗೊಬ್ಬರಂತೆ ಅಕಾರಾದಿಯಲ್ಲಿ ಸದಸ್ಯರು ಮುಸುಕಿನ ಜೋಳದ ಅಂಬಲಿ ತರಬೇಕೆಂಬ ನಿಯಮವಿತ್ತು. ಆ ಅಂಬಲಿಯ ಹೆಸರೇ ಕೂಟಕ್ಕೂ ಆಯಿತು: ಹೇಸ್ಟಿ ಪುಡ್ಡಿಂಗ್. 1844ರಿಂದ ಅವರು ನಗೆನಾಟಕಕ್ಕೂ ಇಳಿದರು. ಆ ಲೆಕ್ಕದಲ್ಲಿ ನಮ್ಮದು ಉಪ್ಪಿಟ್ಟು ಸಂಘ.

ಈಗಂತೂ ನಕ್ಕರೆ ಸಾಲದು, ಕಡತವಾಗಬೇಕು. ಸುತ್ತೋಲೆ, ಹಾಜರಿ, ಹಿಮ್ಮಾಹಿತಿ ನಮೂನೆ, ಬಿಲ್ಲು. ಎಲ್ಲಕ್ಕಿಂತ ಮುಖ್ಯವಾಗಿ ಅಕ್ಷಾಂಶ ರೇಖಾಂಶ ಮೂಡಿದ ಫೋಟೊ. ತಾಪತ್ರಯ ಶುರುವಾಗುವುದೇ ಇಲ್ಲಿ. ಕಾಂಕ್ರೀಟ್ ಸೂರಿನ ಕೆಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಫೋನು ಸಭಾಂಗಣವನ್ನು ಎಲ್ಲೋ ರಸ್ತೆಯಾಚೆ ತೋರಿಸುತ್ತದೆ. ಜೋಕು ಹೇಳುತ್ತಿದ್ದ ಅತಿಥಿಯನ್ನು ಅರ್ಧಕ್ಕೇ ನಿಲ್ಲಿಸಿ, ‘ಸಾರ್, ಎರಡೇ ನಿಮಿಷ’ ಎಂದು ಎಲ್ಲರನ್ನೂ ಅಂಗಳಕ್ಕೆ ಹೊರಡಿಸಬೇಕು. ಹಾರ ಬಾಡಿದೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಬ್ಯಾನರ್ ತಲೆಕೆಳಗು. ‘ನಗ್ರೀ ಎಲ್ಲಾ! ಹಿಂದಿನ ಸಾಲಿನೋರು ನಗ್ತಿಲ್ಲ!’ 13 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವ ಮೂಡುವ ತನಕ ಹಲ್ಲು ಕಿರಿದು ನಿಲ್ಲಬೇಕು. ಒಳಗೆ ಬಂದ ಮೇಲೆ ಜೋಕು ಎಲ್ಲಿಗೆ ನಿಂತಿತ್ತೆಂದು ಅತಿಥಿಗೂ ನೆನಪಿರುವುದಿಲ್ಲ. ಅಷ್ಟರಲ್ಲಿ ಬೇಲೂರು, ಅರಸೀಕೆರೆ ಬಸ್ಸಿನ ಮಕ್ಕಳು ಹೊರಟಿರುತ್ತಾರೆ.

ಕೊನೆಯ ಕಲಮು, ‘ಕಾರ್ಯಕ್ರಮದ ಫಲಶ್ರುತಿ’. ‘ವಿದ್ಯಾರ್ಥಿಗಳು ನಕ್ಕರು’ ಎಂದು ಬರೆದರೆ ವಾಪಸು ಬರುತ್ತದೆ. ‘ಹಾಸ್ಯಪ್ರಜ್ಞೆಯು ವೃದ್ಧಿಯಾಯಿತು’ ಎಂದರೆ ಪಾಸು.

ಇದು ಗೊರೂರು ರಾಮಸ್ವಾಮಿ ಅಯ್ಯಂಗಾರರ ಜಿಲ್ಲೆ. ಹೇಮಾವತಿ ದಂಡೆಯ ಹಳ್ಳಿಯವರ ಮಾತಿನ ವರಸೆಯನ್ನು ಅವರು ಕಾಗದಕ್ಕಿಳಿಸಿದ್ದರಿಂದ ಆ ನಗೆ ಇವತ್ತಿಗೂ ಉಳಿದಿದೆ. ನಮ್ಮ ನಡಾವಳಿಯಲ್ಲಿ, ಯಾವುದೋ ಹಳೆಯ ಪುಟದ ಅಂಚಿನಲ್ಲಿ, ಪೆನ್ಸಿಲಿನ ಒಂದೇ ಸಾಲು: ‘ಇವತ್ತು ನಕ್ಕೂ ನಕ್ಕೂ ಲಾಸ್ಟ್ ಬಸ್ ತಪ್ಪಿತು.’ ಯಾಕೆ ನಕ್ಕರೋ, ಬರೆದಿಲ್ಲ. ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಷರಾ: ‘ಬಿಲ್ಲು ಲಗತ್ತಿಸಿ.’