ನರ ಹಿಡಿದಿದ್ದಕ್ಕೆ ಪೌಡರ್

ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ನಿಂದ ನಮ್ಮ ಬಿಲ್ಡಿಂಗಿಗೆ ಹತ್ತು ನಿಮಿಷದ ನಡಿಗೆ. ಅಷ್ಟರಲ್ಲಿ ನಾಲ್ಕು ಜಿಮ್. ನಾಲ್ಕರ ಬೋರ್ಡಿನಲ್ಲೂ ಅಂಗಿ ಇಲ್ಲದ ಅದೇ ಮನುಷ್ಯ. ಕೆಳಗೆ, '90 ದಿನದಲ್ಲಿ ಹೊಸ ದೇಹ'. ನಮ್ಮ ಸೊಸೈಟಿಯ ಲಿಫ್ಟ್ ರಿಪೇರಿಗೇ ಅದಕ್ಕಿಂತ ಜಾಸ್ತಿ ದಿನ ಹಿಡಿದಿತ್ತು.

ನಾನೂ ಸೇರಿದೆ. ಟ್ರೇನರ್ ಹುಡುಗನ ಶಾಸ್ತ್ರದಲ್ಲಿ ಕಾಯಿಲೆ ಒಂದೇ. "ಸರ್, ಪ್ರೋಟೀನ್ ಕಮ್ ಹೈ." ನಿದ್ದೆ ಬರಲಿಲ್ಲ ಅಂದರೂ ಅದೇ, ಕೂದಲು ಉದುರಿದರೂ ಅದೇ. ಮದ್ದೂ ಒಂದೇ, ಕೌಂಟರ್ ಹಿಂದಿರುವ ಪೇಂಟ್ ಡಬ್ಬದಂಥ ಡಬ್ಬ. ದಿನಕ್ಕೆ 200 ಗ್ರಾಂ ಪ್ರೋಟೀನ್ ಬೇಕಂತೆ.

ನನ್ನ ತೂಕ 70 ಕಿಲೋ. ಭಾರ ಎತ್ತುವವರಿಗೂ ಕಿಲೋಗೆ 1.6 ಗ್ರಾಂ ಆಸುಪಾಸು ದಾಟಿದ ಮೇಲೆ ಮಸಲ್ಲಿಗೆ ದೊಡ್ಡ ಲಾಭವಿಲ್ಲ. ನನಗದು 112 ಗ್ರಾಂ. ಉಳಿದ 88 ಗ್ರಾಂನಿಂದ ಬೆಳೆಯುವುದು ಕೌಂಟರ್ ಮಾತ್ರ. ಮೊನ್ನೆ ಒಂದು ಹೋಟೆಲಿನ ಮೆನುವಿನಲ್ಲೂ 'ಪ್ರೋಟೀನ್ ಇಡ್ಲಿ' ಕಂಡೆ. ತನ್ನಲ್ಲಿ ಪ್ರೋಟೀನ್ ಇದೆ ಅಂತ ಉದ್ದಿನಬೇಳೆಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಜಿಮ್ಮಿನಲ್ಲಿ ವಾರಕ್ಕೊಂದು ಭಾರದ ಪ್ಲೇಟ್ ಏರಿತು. ತೋಳು ಬಿಗಿಯಾಯಿತು, ಕನ್ನಡಿ ಮುಂದೆ ನಿಲ್ಲುವ ಹೊತ್ತೂ ಏರಿತು. ಎಂಟನೇ ವಾರ ಮೊಣಕೈ ಹೊರಬದಿಯಲ್ಲಿ ಚಳುಕ್ ಅಂತು. ಚಹಾದ ಗ್ಲಾಸ್ ಎತ್ತಲೂ ಆಗಲಿಲ್ಲ.

"ನಸ್ ಚಢ್ ಗಯೀ ಸರ್," ಅಂದ ಟ್ರೇನರ್. ಕುಂದಾಪುರದಿಂದ ಅಮ್ಮ ಫೋನಿನಲ್ಲಿ, "ನರ ಹಿಡ್ದಿರ್ಬೇಕು ಮಗಾ" ಅಂದರು. ಹಿಂದಿಯಾಗಲಿ ಕನ್ನಡವಾಗಲಿ, ಮೈಯೊಳಗೆ ಏನು ಎಳೆದರೂ ನಮಗೆ ನರವೇ. ಪಾಪ, ನರಕ್ಕೆ ಇದರಲ್ಲಿ ಕೈವಾಡವೇ ಇಲ್ಲ. ನೋಯುತ್ತಿದ್ದುದು ಮಸಲನ್ನು ಮೂಳೆಗೆ ಕಟ್ಟುವ ಹಗ್ಗ, ಟೆಂಡನ್. ಮಸಲ್ಲಿಗೆ ರಕ್ತ ಧಾರಾಳ, ಟೆಂಡನ್ನಿಗೆ ಕಡಿಮೆ. ಮಸಲ್ ಫಾಸ್ಟ್ ಲೋಕಲ್. ಟೆಂಡನ್ ಕೋಪರಿನಂಥ ಸಣ್ಣ ಸ್ಟೇಷನ್ನಿನಲ್ಲೂ ನಿಂತು ಬರುವ ಸ್ಲೋ ಗಾಡಿ, ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ನಾವು ಫಾಸ್ಟ್ ಗಾಡಿಯ ಟೈಮ್ ನೋಡಿ ಪ್ಲೇಟ್ ಏರಿಸಿದ್ದೆವು.

ಆ ಹಗ್ಗ ಕೊಲಾಜೆನ್ ಎಂಬ ನಾರಿನದು. ಅದನ್ನು ಹೊಸೆಯಲು ಮೈಗೆ ಪ್ರೋಟೀನ್ ಜೊತೆ ವಿಟಮಿನ್ ಸಿ ಬೇಕು. ಅದು ಪೇರಳೆ ಹಣ್ಣಿನಲ್ಲಿ ಬೇಕಾದಷ್ಟಿದೆ, ಸ್ಟೇಷನ್ ಹೊರಗೆ ಉಪ್ಪುಖಾರ ಹಚ್ಚಿಯೇ ಕೊಡುತ್ತಾರೆ. ಪೇರಳೆ ಮಾರುವವಳಿಗೆ ಅಂಗಿ ಇಲ್ಲದ ಮನುಷ್ಯನ ಬೋರ್ಡ್ ಹಾಕಿಸುವ ತಾಕತ್ತಿಲ್ಲ, ಅಷ್ಟೆ.

"ಹಾಗಾದರೆ ಮೊಣಕೈಗೆ ಏನು ಮಾಡಲಿ?" ಅಂತ ಟ್ರೇನರನ್ನು ಕೇಳಿದೆ. ಅವನು ಡಬ್ಬದ ಕಡೆ ನೋಡಿದ.

ಫಿಸಿಯೋಥೆರಪಿಯವರು ಹೇಳಿದ್ದು ಬೇರೆ. ಪೂರ್ತಿ ರೆಸ್ಟ್ ಬೇಡ. ಮುಂಗೈಯನ್ನು ಟೇಬಲ್ ಮೇಲಿಟ್ಟು, ಒಂದು ಕಿಲೋ ಭಾರ ಹಿಡಿದು, ಮಣಿಕಟ್ಟನ್ನು ನಿಧಾನಕ್ಕೆ ಇಳಿಸಬೇಕು. ಮೂರು ತಿಂಗಳಾದರೂ. ಮನೆಯಲ್ಲಿ ಸರಿಯಾಗಿ ಒಂದು ಕಿಲೋ ಇದ್ದದ್ದು ತೊಗರಿಬೇಳೆ ಪ್ಯಾಕೆಟ್. ನಾಲ್ಕು ದಿನ ಶ್ರದ್ಧೆಯಿಂದ ಮಾಡಿದೆ. ಐದನೇ ದಿನ ಪ್ಯಾಕೆಟ್ ಕಾಣಲಿಲ್ಲ.

"ಸಾರಿಗೆ ಹಾಕಿದೆ," ಅಂದಳು ಹೆಂಡತಿ. "ಅದರಲ್ಲೂ ಪ್ರೋಟೀನ್ ಇದೆ, ಅಲ್ವಾ?"