ಬೂಟು ಸರ್ಕಾರದ್ದು, ಬಿಪಿ ಸ್ವಂತದ್ದು

ಸೇನೆಗೆ ಸೇರುವ ಹುಡುಗನನ್ನು ಡಾಕ್ಟರು ತಲೆಯಿಂದ ಕಾಲಿನವರೆಗೆ ತಟ್ಟಿ ನೋಡುತ್ತಾರೆ. ಹಲ್ಲು ಎಣಿಸುತ್ತಾರೆ. ಎದೆ ಉಬ್ಬಿಸಿ ಟೇಪು ಹಿಡಿಯುತ್ತಾರೆ. ಮಂಡಿಗೆ ಮಂಡಿ ತಾಗಿದರೆ ಮನೆಗೆ ಕಳಿಸುತ್ತಾರೆ. ಎತ್ತಿನ ಜಾತ್ರೆಯಲ್ಲೂ ಇಷ್ಟು ಪರೀಕ್ಷೆ ಇಲ್ಲ. ಪಾಸಾದವನು 'ಶೇಪ್ ಒನ್'. ಅಂದರೆ ಒಂದು ಗೀರೂ ಇಲ್ಲದ ಮಾಲು.

ಇಪ್ಪತ್ತು ವರ್ಷ ಬಿಟ್ಟು ಅದೇ ಮೈ ವಾಪಸ್ ಬರುವಾಗ ಒಳಗೆ ಬಿಪಿ ಇರುತ್ತದೆ. ಮೆಡಿಕಲ್ ಬೋರ್ಡ್ ಅದನ್ನು ಶ್ರದ್ಧೆಯಿಂದ ಅಳೆದು 30 ಪರ್ಸೆಂಟ್ ಅಂತ ಬರೆಯುತ್ತದೆ. ಪಕ್ಕದ ಕಾಲಂ ನೋಡಿ: ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ. ಇಂಗ್ಲಿಷಿನಲ್ಲಿ ಇದನ್ನು ಚಿಕ್ಕದಾಗಿ 'ನಾನಾ' ಅನ್ನುತ್ತಾರೆ. ನಮ್ಮಲ್ಲಿ ನಾನಾ ಅಂದರೆ ಹಲವು. ಅಲ್ಲಿ ನಾನಾ ಅಂದರೆ ಸೊನ್ನೆ: ಅಂಗವೈಕಲ್ಯ ಪಿಂಚಣಿ ಇಲ್ಲ.

ಯಾಕಪ್ಪಾ ಅಂದರೆ, ಕಾಯಿಲೆ ಪತ್ತೆಯಾದಾಗ ಆತ 'ಪೀಸ್ ಸ್ಟೇಷನ್'ನಲ್ಲಿ, ಅಂದರೆ ಕಾಳಗದ ಗದ್ದಲವಿಲ್ಲದ ಶಾಂತ ಠಾಣೆಯಲ್ಲಿ ಇದ್ದನಂತೆ. ಸಿಯಾಚಿನ್ನಿನಲ್ಲಿ ಹೆಪ್ಪುಗಟ್ಟಿದ ರಕ್ತ ಕೆಳಗಿಳಿದ ಮೇಲೆ ಕುದಿಯಬಾರದು. ಕುದಿಯಲೇಬೇಕು ಅಂದರೆ ಮೇಲೆಯೇ ಕುದಿದು, ತಾರೀಕು ಹಾಕಿಸಿಕೊಂಡು ಬರಬೇಕು. ಬಿಪಿಗೂ ಪೋಸ್ಟಿಂಗ್ ಆರ್ಡರ್ ಬೇಕು!

ಲೆಕ್ಕವೂ ಮಜವಾಗಿದೆ. ನಿವೃತ್ತನಾಗುವವನ ಅಂಗವೈಕಲ್ಯ 19 ಪರ್ಸೆಂಟ್ ಆದರೆ ಆ ಪಿಂಚಣಿ ಇಲ್ಲ. 20 ಆದರೆ ಅದನ್ನು ರೌಂಡ್ ಮಾಡಿ 50 ಅಂತ ಲೆಕ್ಕ ಹಿಡಿಯುತ್ತಾರೆ. ಇಷ್ಟು ಧಾರಾಳತನವನ್ನು ಬಾಗಿಲಲ್ಲೇ ತಡೆಯಲು 'ನಾನಾ' ಬೇಕಾಗಿತ್ತು, ಅಲ್ವಾ?

ಸರಿ, ಅಪೀಲು ಹಾಕಬಹುದು. ಮೊದಲನೇ ಅಪೀಲು, ಎರಡನೇ ಅಪೀಲು. ಎರಡೂ ಅತ್ತೆಯ ಮೇಲಿನ ದೂರನ್ನು ಅತ್ತೆಯ ಅಕ್ಕನಿಗೆ ಹೇಳಿದ ಹಾಗೆ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, 2009ರಿಂದ ಇದೆ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸೇರುವಾಗ ಕಾಯಿಲೆ ಇತ್ತು ಅಂತ ನೀವು ಬರೆದಿಲ್ಲ, ಹಾಗಾದರೆ ಅದು ಸೇವೆಯಲ್ಲೇ ಬಂದದ್ದು. ಸಾಬೀತು ಮಾಡುವ ಹೊರೆ ಸೈನಿಕನದ್ದಲ್ಲ. ಸಂಶಯವಿದ್ದರೆ ಲಾಭ ಅವನಿಗೇ. ಕೋರ್ಟು ಹೊಸದಾಗಿ ಏನೂ ಕಟ್ಟಿ ಹೇಳಲಿಲ್ಲ. ಸರ್ಕಾರದ್ದೇ 1982ರ ನಿಯಮಗಳನ್ನು ಸರ್ಕಾರಕ್ಕೆ ಗಟ್ಟಿಯಾಗಿ ಓದಿ ಹೇಳಿತು, ಅಷ್ಟೇ.

ಕಿವಿ ಕೇಳಿಸದಿರುವುದಕ್ಕೆ ಎಷ್ಟು ಪರ್ಸೆಂಟೋ! ಆಮೇಲೂ ನ್ಯಾಯಮಂಡಳಿಯಲ್ಲಿ ಸೈನಿಕ ಗೆದ್ದರೆ ಸರ್ಕಾರ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದುಂಟು. ಗಡಿಯಲ್ಲಿ ಕಾದು ಕೂತಾಗ ಎದುರಿಗೆ ಬಾರದ ಎದುರಾಳಿ ಕೋರ್ಟಿನಲ್ಲಿ ಸಿಕ್ಕ. ವಕಾಲತ್ತು ಮಾತ್ರ ಭಾರತ ಸರ್ಕಾರದ್ದು. ಈ ಅಲೆದಾಟದಲ್ಲಿ ಏರಿದ ಬಿಪಿ ಇದೆಯಲ್ಲ, ಅದು ನಿಜಕ್ಕೂ ಸೇವೆಯಿಂದ ಬಂದದ್ದಲ್ಲ. ಬೋರ್ಡು ಇಲ್ಲಿ ಟಿಕ್ ಹಾಕಿದರೆ ನಾನೇನೂ ತಕರಾರು ಮಾಡುವುದಿಲ್ಲ.

ಈಗ ಮಗ ಭರ್ತಿಗೆ ಹೋಗಿ ಸಾಲಿನಲ್ಲಿ ನಿಂತಿದ್ದಾನೆ ಅಂದುಕೊಳ್ಳಿ. ಡಾಕ್ಟರು ಕೇಳುತ್ತಾರೆ:

"ಮನೆಯಲ್ಲಿ ಯಾರಿಗಾದರೂ ಬಿಪಿ ಇದೆಯೇನಪ್ಪಾ?"

"ಅಪ್ಪನಿಗಿದೆ ಸಾರ್."

"ಎಲ್ಲಿಂದ ಬಂತು?"

"ಅದೇ ಕೇಸು ನಡೀತಿದೆ ಸಾರ್."