ನಿಲ್ಲಿಸಿದ ಮೇಲೆ ಕಾರಣವನ್ನೂ ಹೇಳಲಿ

ಲಂಡನ್ನಿನಲ್ಲಿ ಪೊಲೀಸರು ದಾರಿಯಲ್ಲಿ ಯಾರದ್ದಾದರೂ ಜೇಬು, ಬ್ಯಾಗು ತಡಕಬೇಕಾದರೆ ಮೊದಲು ಕಾರಣ ಹೇಳಬೇಕು. 1984ರ ಕಾನೂನು ಅದು. ನನ್ನ ಹೆಸರು ಇದು, ಇಂಥ ಸ್ಟೇಷನ್, ಇಂಥದ್ದನ್ನು ಹುಡುಕುತ್ತಿದ್ದೇನೆ, ಈ ಕಾರಣಕ್ಕೆ ಅನುಮಾನ ಬಂತು. ಇಷ್ಟನ್ನೂ ಬಿಡಿಸಿ ಹೇಳಿ, ಬರೆದಿಡಬೇಕು. ಕೇಳಿದರೆ ಪ್ರತಿ ಕೊಡಬೇಕು. ಇಲ್ಲಿ ನಮ್ಮ ಮನೆ ಹತ್ತಿರದ ಟ್ಯೂಬ್ (ನೆಲದಡಿಯ ರೈಲು) ಸ್ಟೇಷನ್ ಮುಂದೆ ಒಬ್ಬ ಕಪ್ಪು ಹುಡುಗನನ್ನು ಹೀಗೇ ನಿಲ್ಲಿಸಿದ್ದನ್ನು ನೋಡಿದೆ. ಏನೂ ಸಿಗಲಿಲ್ಲ. ಅವನು ಚೀಟಿ ಕೇಳಿ ಇಸ್ಕೊಂಡು, ಪೂರ್ತಿ ಓದಿ, ಆಮೇಲೆ ಹೊರಟ.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತ ಅಲ್ಲ. ಬಿಳಿಯರಿಗಿಂತ ಕಪ್ಪು ಜನರನ್ನು ಹಲವು ಪಟ್ಟು ಜಾಸ್ತಿ ತಡೆಯುತ್ತಾರೆ. 1981ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆ ಗಲಭೆಯಲ್ಲಿ ಹೊತ್ತಿ ಉರಿದದ್ದಕ್ಕೆ ಈ ತಡಕಾಟದ ಸಿಟ್ಟೂ ಒಂದು ಕಾರಣ. ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ಈ ತಾರತಮ್ಯ ಎಷ್ಟಿದೆ ಅಂತ ಸರ್ಕಾರವೇ ಪ್ರತಿ ವರ್ಷ ಲೆಕ್ಕ ಕೊಡಬೇಕಾಗಿದೆ. ಪ್ರತಿ ತಪಾಸಣೆಯನ್ನೂ ಬರೆದಿಡುವುದರಿಂದ ಆ ಲೆಕ್ಕ ಸಿಗುತ್ತದೆ.

ಬೆಂಗಳೂರಿನಲ್ಲಿ ಆ ಲೆಕ್ಕ ಯಾರ ಹತ್ತಿರ ಇದೆ? ಸಿಗ್ನಲ್ ದಾಟಿದ ಕೂಡಲೇ ಬೈಕಿನ ಕೀ ಕಿತ್ತುಕೊಳ್ಳುವುದನ್ನು ನೋಡದವರಿಲ್ಲ. ದೊಡ್ಡ ಕಾರಿನವರಿಗೆ 'ಸರ್', ಡೆಲಿವರಿ ಹುಡುಗನಿಗೆ 'ಏಯ್, ಬಾರೋ ಇಲ್ಲಿ'. ಇದು ನನಗೆ ದಂಡಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು ಅಂತ 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಹೇಳಿದ್ದರು. ಒಳ್ಳೆಯ ಮಾತು. ಅದೇ ಡಿಸೆಂಬರ್‌ನಲ್ಲಿ, ರಾತ್ರಿ ಮಾನ್ಯತಾ ಟೆಕ್ ಪಾರ್ಕ್ ಹತ್ತಿರ ನಡೆದು ಮನೆಗೆ ಹೋಗುತ್ತಿದ್ದ ಗಂಡ ಹೆಂಡತಿಯನ್ನು ತಡೆದು ಪೊಲೀಸರು 1000 ರೂಪಾಯಿ ವಸೂಲಿ ಮಾಡಿದರು. ದುಡ್ಡು ಹೋದದ್ದು ಮೊಬೈಲ್ ಪೇಮೆಂಟಿನಲ್ಲಿ, ಹಾಗಾಗಿ ಗುರುತು ಉಳಿಯಿತು. ಗಂಡ ಟ್ವಿಟರ್‌ನಲ್ಲಿ ಬರೆದ ಮೇಲೆ ಇಬ್ಬರು ಸಸ್ಪೆಂಡ್ ಆದರು. ನಗದು ಕೊಟ್ಟಿದ್ದರೆ?

ಹೊಗೆ, ಬಿಸಿಲಲ್ಲಿ ದಿನವಿಡೀ ನಿಲ್ಲುವ ಪೇದೆಯ ಕಷ್ಟ ನನಗೆ ಗೊತ್ತು. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಅನ್ನುವುದು ಅವರ ಕೈಯಲ್ಲೇ ಇರಬೇಕು. ಆಸ್ಪತ್ರೆಗೆ ಓಡುತ್ತಿರುವವನನ್ನು ಬಿಟ್ಟು ಕಳಿಸುವ ಒಳ್ಳೆಯ ಮನಸ್ಸೂ ಅದರಿಂದಲೇ ಬರುವುದಲ್ವಾ? ನಾನು ಕೇಳುತ್ತಿರುವುದು ಅದನ್ನು ಕಿತ್ತುಕೊಳ್ಳಿ ಅಂತಲ್ಲ. ದಂಡದ ರಸೀದಿ ಕೊಡುವ ಮಿಷನ್ ಹೇಗೂ ಅವರ ಕೈಯಲ್ಲಿದೆ. ದಂಡ ಹಾಕದೆ ಬಿಟ್ಟಾಗಲೂ ಯಾಕೆ ನಿಲ್ಲಿಸಿದೆವು ಅಂತ ಅದರಲ್ಲೇ ಒಂದು ಸಾಲು ಬರೆದು, ಆ ಚೀಟಿಯನ್ನು ಡೆಲಿವರಿ ಹುಡುಗನಿಗೂ ಕಾರಿನವರಿಗೂ ಒಂದೇ ಥರ ಕೊಡಲಿ.